ಷರಾ

ಗುಲ್‌ಟೇಕಡಿ ಉಳ್ಳಾಗಡ್ಡಿ ಗೋದಾಮಿನ ಹಿಂದ ಹಿಡಿದು ತಂದ್ರು.
ಕಂದು ಬಣ್ಣ. ಹೆಣ್ಣು. ಪಂಜರ ಒಂಬತ್ತು.
ನಾನು ಬರಕೊಂಡದ್ದು ಇಷ್ಟೇ.
ಬಲೆ ಬಿಚ್ಚಿದ ಹುಡುಗ ಹೊಟ್ಟಿ ಮುಟ್ಟಿ
ನನ್ನ ಮುಖ ನೋಡಿದ.
ದಿನ ತುಂಬಿದ್ವು.

ಕಾನಿಟ್ಕರ್ ಡಾಕ್ಟರಬಾಯಿ ಕನ್ನಡಕ ಒರೆಸಿಕೊಂಡ್ರು.
ಬಿಟ್ರ ಏಳು, ಏಳರಾಗ ಬದುಕಿದ್ರ ಎರಡು,
ಆ ಎರಡು ಮುಂದಿನ ಕಾರ್ತೀಕ ಕಳಿದ್ರ ಹನ್ನೆರಡು.
ಲೆಕ್ಕ ನನಗೂ ಬರ್ತದ. ಅಕ್ಕಲಕೋಟದ ಕನ್ನಡ ಸಾಲ್ಯಾಗ
ಮಗ್ಗಿ ತಪ್ಪಿದ್ರ ಬೆರಳಗಂಟಿಗೆ ಹೊಡೀತಿದ್ರು.
ಹತ್ತೂ ಇಪ್ಪತ್ತಕ್ಕ ಸೂಜಿ. ಹತ್ತೂ ಐವತ್ತಕ್ಕ
ನೀಲಿ ಬಕೀಟಿನ ಮ್ಯಾಲ ನಾನೇ ಮುಚ್ಚಳ ಇಟ್ಟೆ.
ಏಳಲ್ಲ, ಆರು.
ಎಡಗಿವಿ ತುದಿ ಕತ್ತರಿಸಿದ್ವಿ, ಗುರುತಿಗೆ.

ಮಧ್ಯಾಹ್ನ ಅದೇ ಟೇಬಲ್ಲು.
ಫಿನೈಲ್ ಹಚ್ಚಿ ಎರಡು ಸಲ ಒರೆಸೀನಿ, ಆದ್ರೂ ಅದೇ.
ಬಾಣೇರಿನಿಂದ ಕಾರಿನ್ಯಾಗ ಬಂದಾಳ ಡಚೆಸ್,
ಬುಲ್‌ಡಾಗು, ಮೂರನೇ ಸಿಜೇರಿಯನ್ನು.
ಮರಿ ತಲಿ ಅಷ್ಟು ದೊಡ್ಡದು, ತಾಯಿ ನಡ ಇಷ್ಟು ಸಣ್ಣದು;
ಹಂಗ ಮಾಡಿದ್ದು ದೇವರಲ್ಲ.
ನಿಂತ್ರ ಗೊರಕಿ, ಕೂತ್ರ ಗೊರಕಿ.
ಹಳೇ ಹೊಲಿಗಿ ಮ್ಯಾಲ ಡಾಕ್ಟರಬಾಯಿ ಮತ್ತ ಗೆರಿ ಎಳದ್ರು.

ನಾಕು ಬಂದ್ವು. ಒಂದು ಉಸಿರಾಡ್ಲಿಲ್ಲ.
ಟವೆಲ್ಲಿನ್ಯಾಗ ಹಾಕಿ ತಿಕ್ಕಿದೆ, ತಿಕ್ಕಿದೆ,
ತಲಿ ಕೆಳಗ ಮಾಡಿ ಮೂಗಿನ ಲೋಳಿ ಹೀರಿ ಉಗುಳಿದೆ,
ಹನ್ನೊಂದು ನಿಮಿಷ.
ಕುಂಯ್ ಅಂತು.
ಡಾಕ್ಟರಬಾಯಿ ನಕ್ಕರು, ನಾನೂ ನಕ್ಕೆ.
ಆಮ್ಯಾಲ ನೀಲಿ ಬಕೀಟು ಕಣ್ಣಿಗೆ ಬಿತ್ತು,
ಇನ್ನೂ ಯಾರೂ ಒಯ್ದಿರಲಿಲ್ಲ.

ವಸುಧಾ ಭಾಗವತ ಕೆಟ್ಟ ಹೆಂಗಸು ಅಂತ ಬರದ್ರ
ಈ ಪದ್ಯ ನನಗ ಸಸಾರ ಆಗ್ತದ.
ಆಕಿ ಗಂಡ ಸತ್ತು ಐದು ವರ್ಷ.
ಮಗಳ ಕಾಲೇಜಿನ ಫೀಸು ಡಚೆಸ್ಸಿನ ಹೊಟ್ಟಿಯಿಂದ ಬರ್ತದ.
ಆಪರೇಷನ್ ಮುಗಿಯೂ ತನಕ ಆಕಿ ಹೊರಗ
ಚಪ್ಪಲಿ ಬಿಟ್ಟು ನಿಂತಿದ್ದಳು, ಗುಡಿ ಮುಂದ ನಿಂತಂಗ.
ನನ್ನ ಕಿಸೇದಾಗ ಐನೂರು ಇಟ್ಟಳು. ತಗೊಂಡೆ.
“ನಿನ್ನ ತಂಗಿ ಗಂಡ ಕೇಳ್ತಿದ್ದನಲ್ಲ, ಒಂದು ಕಡಿಮಿಗೆ ಕೊಡ್ಲಾ?”
ಎಷ್ಟು ಕಡಿಮಿ ಅಂದೆ.
ಅಂದೆ, ಸುಳ್ಳು ಹೇಳೂದಿಲ್ಲ.

ರಾತ್ರಿ ಡ್ಯೂಟಿ ನಂದು.
ಡಚೆಸ್ಸಿಗೆ ಹಾಲು ಇಳೀಲಿಲ್ಲ. ಮರಿ ಹತ್ರ ಒಯ್ದ್ರ ಗುರ್ ಅಂದಳು,
ಇವು ಯಾರವು, ನಾ ಯಾವಾಗ ಹಡದೆ, ಅಂದಂಗ.
ಪುಡಿ ಹಾಲು ಕಾಸಾಕ ಎದ್ದಾಗ ನೋಡಿದೆ,
ಒಂಬತ್ತನೇ ಪಂಜರದ ನೆಲ ಒದ್ದಿ.
ಉಚ್ಚಿ ಅಲ್ಲ.

ನಾಕೂ ಎತ್ತಿಕೊಂಡು ಹೋದೆ.
ಕಚ್ಚಿದ್ರ ನನಗ ಕಚ್ಚಲಿ ಅಂತ ಕೈ ಮುಂದ ಚಾಚಿದೆ.
ಮೂಸಿದಳು, ಬಾಳ ಹೊತ್ತು.
ಮುಂಜಾನಿ ಮುಚ್ಚಳ ಇಟ್ಟ ಕೈ ಇದೇ ಅಂತ ಗೊತ್ತಾತೋ ಏನೋ.
ಹೊಲಿಗಿ ಹಾಕಿದ ಹೊಟ್ಟಿ ಒಂದೀಟು ಹೊಳ್ಳಿಸಿ
ಜಾಗ ಕೊಟ್ಟಳು.

ಮೂರು ದಿನ ಹಂಗ ನಡೀತು.
ವಸುಧಾ ಭಾಗವತ ಬಂದು ನೋಡಿ ಸುಮ್ಮನ ನಿಂತಳು.
ಬಾಗಿಲ ತನಕ ಹೋಗಿ ತಿರುಗಿ ಬಂದಳು:
“ಇದಕ್ಕ ರೇಬೀಸ್ ಸೂಜಿ ಆಗೇದಲ್ಲ?”
ಆಗೇದ ಅಂದೆ.

ನಾಕನೇ ದಿನ, ನಿಯಮದ ಪ್ರಕಾರ, ಹಿಡಿದ ಜಾಗದಾಗ ಬಿಟ್ವಿ.
ಇಳಿದಾಕಿ ಓಡಲಿಲ್ಲ.
ಎರಡು ಕಾಲು ಎತ್ತಿ ವ್ಯಾನಿನ ಅಂಚಿಗೆ ಇಟ್ಟು
ಒಳಗ ಇಣಕಿದಳು. ಒಳಗ
ಬಲೆ ಇತ್ತು, ಸ್ಟೆಪ್ನಿ ಇತ್ತು.

ಮರಿಗಳ ಕಾಗದ ಬಂದಾವ, ಬಂಗಾರ ಬಣ್ಣದ ಅಂಚು.
ಅಪ್ಪ, ಅಪ್ಪನ ಅಪ್ಪ, ಹಂಗೇರಿಯ ಮುತ್ತಜ್ಜ,
ತಾಯಿ ಕಡೆನೂ ನಾಕು ತಲಿಮಾರು.
ಲಸಿಕೆ ಪುಸ್ತಕ ತುಂಬೂದು ನನ್ನ ಕೆಲಸ. ಕಡೀಕ
ಷರಾ ಅಂತ ಒಂದು ಖಾನೆ, ಯಾವತ್ತೂ ಖಾಲಿ.
ನಾಕರಾಗೂ ಬರದೆ, ಕನ್ನಡದಾಗ, ಇಲ್ಲಿ ಯಾರೂ ಓದಂಗಿಲ್ಲ:
ಹಾಲು, ಗುಲ್‌ಟೇಕಡಿ.

ತಂಗಿ ಗಂಡಗ ಇನ್ನೂ ಏನೂ ಹೇಳಿಲ್ಲ.
ನಾಳಿ ವ್ಯಾನು ಎಂಟಕ್ಕ.